ಹಳದಿ ಚಿನ್ನದ ಉಂಗುರಕ್ಕೆ ಯಾವ ವಜ್ರ: ಜಿ–ವಿಎಸ್2 ಅಥವಾ ಜೆ–ಎಸ್‌ಐ1?

ಇಲ್ಲಿ ಮೊದಲ ಅಕ್ಷರ ವಜ್ರದ ಬಣ್ಣದ ದರ್ಜೆ; ವಿಎಸ್2, ಎಸ್‌ಐ1 ಎಂಬುವು ಶುದ್ಧತೆಯ, ಅಂದರೆ ಹರಳಿನಲ್ಲಿ ಕಲೆಗಳು ಎಷ್ಟು ಕಡಿಮೆ ಎಂಬುದರ ದರ್ಜೆಗಳು. ವಜ್ರಗಳಿಗೆ ದರ್ಜೆ ನೀಡುವ ಸಂಸ್ಥೆಯಾದ ಜಿಐಎಯ, ಡಿಯಿಂದ ಝಡ್‌ವರೆಗೆ ಸಾಗುವ ಬಣ್ಣದ ಶ್ರೇಣಿಯಲ್ಲಿ ಡಿ, ಇ, ಎಫ್ ಹರಳುಗಳು ಬಣ್ಣರಹಿತ. ಜಿಯಿಂದ ಜೆವರೆಗಿನವು ಬಹುತೇಕ ಬಣ್ಣರಹಿತ. ಈ ದರ್ಜೆಯನ್ನು ನಿರ್ಧರಿಸುವಾಗ ಬಿಡಿ ಹರಳನ್ನು ತಲೆಕೆಳಗಾಗಿಟ್ಟು ಪರೀಕ್ಷಿಸುತ್ತಾರೆ; ಆದರೆ ಉಂಗುರದಲ್ಲಿ ಕೂರಿಸಿದ ಮೇಲೆ ನಮಗೆ ಕಾಣುವುದು ಅದರ ಮೇಲ್ಮುಖ, ಅದೂ ಚಿನ್ನದ ಹಳದಿ ಛಾಯೆಯ ನಡುವೆ. ಆದ್ದರಿಂದ ಹಳದಿ ಚಿನ್ನದಲ್ಲಿ ಜೆ ಹರಳು ಸಾಮಾನ್ಯವಾಗಿ ಬೆಳ್ಳಗೇ ತೋರುತ್ತದೆ, ಜಿಗೆ ತೆತ್ತ ಹೆಚ್ಚಿನ ಹಣ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಬಿಳಿ ಚಿನ್ನವಾದರೆ ಮಾತು ಬೇರೆ. ಅಲ್ಲಿ ಎಚ್‌ಗಿಂತ ಕೆಳಗಿಳಿಯಬೇಡಿ ಎಂದೇ ನನ್ನ ಸಲಹೆ.

ಶುದ್ಧತೆಯ ಆಯ್ಕೆಗೆ ಹೆಚ್ಚು ಎಚ್ಚರ ಬೇಕು. ದರ್ಜೆಯನ್ನು 10 ಪಟ್ಟು ಹಿಗ್ಗಿಸಿ ನೋಡಿ ಕೊಡುತ್ತಾರೆ. ವಿಎಸ್2 ಹರಳಿನ ಕಲೆಗಳು ಬರಿಗಣ್ಣಿಗೆ ಕಾಣುವುದು ಅಪರೂಪ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಸ್‌ಐ1 ಮಾತ್ರ ಹರಳಿನಿಂದ ಹರಳಿಗೆ ಬದಲಾಗುತ್ತದೆ: ಅಂಚಿನ ಬಳಿಯ ತೆಳು ಚುಕ್ಕೆ ಚಿನ್ನದ ಹಿಡಿಯಡಿ ಮರೆಯಾಗಬಹುದು, ಆದರೆ ನಡುವಿನ ಸಮತಟ್ಟು ಮುಖದ ಕೆಳಗಿರುವ ಕಪ್ಪು ಕಣ ಎದ್ದು ತೋರಬಹುದು. ಅಂಚನ್ನು ಮುಟ್ಟುವ ಬಿರುಕಿರುವ ಹರಳು ಪೆಟ್ಟಿಗೆ ಒಡೆಯುವ ಸಾಧ್ಯತೆ ಇರುವುದರಿಂದ, ನಿತ್ಯ ತೊಡುವ ಉಂಗುರಕ್ಕೆ ಅದು ಖಂಡಿತ ಬೇಡ.

ಅರ್ಧ ಕ್ಯಾರೆಟ್ ಆಸುಪಾಸಿನ ದುಂಡು ಹರಳಿಗೆ, ಕಣ್ಣಾರೆ ನೋಡಿ ಆರಿಸಿದ ಜೆ–ಎಸ್‌ಐ1 ಸಾಕು. ಉಳಿದ ಹಣವನ್ನು ಹೊಳಪಿಗೆ ಮೂಲವಾದ ಉತ್ತಮ ಕಟ್‌ಗೆ ವಿನಿಯೋಗಿಸಿ. ಒಳಗಿನ ಕಲೆಯನ್ನು ಬೇಗ ಬಿಟ್ಟುಕೊಡುವ, ಆಯತಾಕಾರದ ಎಮರಾಲ್ಡ್ ಕಟ್ ಬೇಕೆಂದರೆ ವಿಎಸ್2 ದರ್ಜೆಯನ್ನೇ ಆರಿಸಿಕೊಳ್ಳಿ.