ಗುಜರಿಯಲ್ಲಿ ಲಾರಿ ಕ್ಯಾಬಿನ್ ತಗೊಂಡು ಕೆಟ್ಟೆ

ಹಳೇ ಲಾರಿಯ ಕ್ಯಾಬಿನ್ ಹುಡುಕಿಕೊಂಡು ಬೆಂಗಳೂರಿನ ಗುಜರಿಗಳನ್ನು ಸುತ್ತುತ್ತಿರುವವರು ಯಾರಾದರೂ ಇದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿಬಿಡಿ. ನಾನು ಕಳೆದುಕೊಂಡದ್ದು 62,500 ರೂಪಾಯಿ. ವಾಪಸ್ ಬಂದದ್ದು 3,380. ಅದು ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ನನಗೆ ಹಾಟ್ ರಾಡ್ ಹುಚ್ಚು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, 1930ರ ದಶಕದಿಂದ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್ ಕಾರುಗಳನ್ನು ಅಗ್ಗಕ್ಕೆ ತಂದು, ಮಡ್‌ಗಾರ್ಡ್ ಕಿತ್ತು ಭಾರ ಇಳಿಸಿ, ಇಂಜಿನ್‌ಗೆ ಕೈಚಳಕ ತೋರಿಸಿ, ಒಣಗಿದ ಕೆರೆಯಂಗಳದಲ್ಲಿ ರೇಸ್ ಓಡಿಸುತ್ತಿದ್ದರಲ್ಲ, ಆ ಜಾತಿಯ ಗಾಡಿ. 1932ರಲ್ಲಿ ಫೋರ್ಡ್‌ನವರು ಸಾಮಾನ್ಯ ಜನರ ಕಾರಿಗೇ ಎಂಟು ಸಿಲಿಂಡರಿನ ವಿ8 ಇಂಜಿನ್ ಕೊಟ್ಟ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಆ ಕಾಲದ ಕಾರು ನನ್ನ ಕೈಗೆ ಎಟುಕುವುದಿಲ್ಲ. ಆದರೆ ಮೂತಿ ಇರುವ ಹಳೇ ಲಾರಿಯ ಕ್ಯಾಬಿನ್ ಸಿಕ್ಕರೆ, ಅದನ್ನು ತಗ್ಗಿಸಿ ಒಂದು ಹಳೇ ಜೀಪಿನ ಚಾಸಿ (ಚಕ್ರದ ಮೇಲಿನ ಉಕ್ಕಿನ ಚೌಕಟ್ಟು) ಮೇಲೆ ಕೂರಿಸಬಹುದು ಅನ್ನುವುದು ನನ್ನ ಲೆಕ್ಕ. ರಸ್ತೆಗಲ್ಲ, ಮಾವನವರ ತೋಟದೊಳಗೆ ಓಡಿಸಲು.

ಮನಸ್ಸು ಹೋದದ್ದು ಫಾರ್ಗೋ ಲಾರಿ ಮೇಲೆ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಕ್ರೈಸ್ಲರ್ ಸಹಯೋಗದಲ್ಲಿ ಡಾಡ್ಜ್, ಫಾರ್ಗೋ ಎರಡನ್ನೂ ತರುತ್ತಿದ್ದರು. ಎರಡೂ ಹೆಚ್ಚುಕಡಿಮೆ ಒಂದೇ, ಹೆಸರಿನ ಪಟ್ಟಿ ಮಾತ್ರ ಬೇರೆ. ನಮ್ಮ ತಾತ ತಿಪಟೂರಿನಿಂದ ಕೊಬ್ಬರಿ ಹೊರುವ ಫಾರ್ಗೋದಲ್ಲಿ ಕ್ಲೀನರ್ ಆಗಿದ್ದವರು. ಸಾಯುವ ತನಕ ಅದರ ಹಾರ್ನ್ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಿದ್ದರು. ಹೀಗಾಗಿ ಗುಜರಿಯ ಮೂಲೆಯಲ್ಲಿ ಆ ದುಂಡು ಮೂತಿ ಕಂಡಾಗ ನನ್ನ ಬುದ್ಧಿ ಅರ್ಧ ಕೆಲಸ ನಿಲ್ಲಿಸಿತ್ತು.

ಹೋದದ್ದು ಸಂಜೆ ಆರೂವರೆಗೆ. ಇದೇ ಮೊದಲ ತಪ್ಪು. ಕ್ಯಾಬಿನ್‌ಗೆ ಪೂರ್ತಿ ರೆಡ್ ಆಕ್ಸೈಡ್ ಬಳಿದಿದ್ದರು. ಒಂದು ಬಲ್ಬಿನ ಬೆಳಕಿನಲ್ಲಿ ಕೆಂಪಗೆ, ನುಣ್ಣಗೆ, ಮದುವೆಗೆ ಸಿದ್ಧವಾದ ಹಾಗೆ ನಿಂತಿತ್ತು. ಯಜಮಾನರು ಟೀ ತರಿಸಿದರು.

“ಇಪ್ಪತ್ತು ವರ್ಷದಿಂದ ಶೆಡ್ಡಲ್ಲಿತ್ತು ಸಾರ್. ಹೆಂಗೆ ಬಂತೋ ಹಂಗೇ ಇದೆ. ನಾವು ಪೇಂಟ್ ಒಂದು ಹೊಡೆದಿದೀವಿ, ತುಕ್ಕು ಹಿಡೀಬಾರದು ಅಂತ.”

ನಾನು ಜೇಬಿನಲ್ಲಿ ಸ್ಪೀಕರಿನ ಮ್ಯಾಗ್ನೆಟ್ ಇಟ್ಟುಕೊಂಡೇ ಹೋಗಿದ್ದೆ, ದಡ್ಡನೇನಲ್ಲ. ತುಕ್ಕು ತಿಂದ ತೂತಿಗೆ ಪುಟ್ಟಿ ಅನ್ನುವ ಪೇಸ್ಟ್ ಮೆತ್ತಿದ್ದರೆ ಅಲ್ಲಿ ಅದು ಕಚ್ಚುವುದಿಲ್ಲ. ಬಾಗಿಲ ಮಧ್ಯಕ್ಕೆ ಇಟ್ಟೆ, ಟಕ್ ಅಂತ ಕಚ್ಚಿತು. ಬಾನೆಟ್ಟಿಗೆ ಇಟ್ಟೆ, ಕಚ್ಚಿತು. ಮೇಲ್ಛಾವಣಿಗೂ ಕಚ್ಚಿತು. ಅಷ್ಟಕ್ಕೇ ಖುಷಿಯಾಗಿ ನಿಲ್ಲಿಸಿಬಿಟ್ಟೆ. ಎಲ್ಲಿ ಇಡಬೇಕಿತ್ತೋ ಅಲ್ಲಿ ಇಡಲೇ ಇಲ್ಲ: ಬಾಗಿಲಿನ ಹಿಂಜ್ ಕೂರುವ ಕಂಬದ ಬುಡ, ಕ್ಯಾಬಿನ್‌ನ ಹಿಂದಿನ ಎರಡು ಕೆಳಮೂಲೆ, ಮುಂದಿನ ಗಾಜಿನ ಕೆಳಗಿನ ಪಟ್ಟಿ. ನೀರು ಇಳಿದು ನಿಲ್ಲುವುದೇ ಅಲ್ಲಿ. ತುಕ್ಕು ಅಲ್ಲಿಂದಲೇ ಶುರು. ಬಗ್ಗಿ ನೋಡುವ ಜಾಗವೇ ಬೇರೆ, ನಾನು ನಿಂತು ನೋಡಿದ್ದೇ ಬೇರೆ.

65 ಸಾವಿರ ಅಂದರು, 48ಕ್ಕೆ ಇಳಿಸಿದೆ. ಚೌಕಾಸಿಯಲ್ಲಿ ಗೆದ್ದೆ ಅಂತ ಬೀಗಿದೆ ಬೇರೆ. ಕೈಗೆ ಸಿಕ್ಕಿದ್ದು ಒಂದು ಕಚ್ಚಾ ಚೀಟಿ. ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ, “ಕ್ಯಾಬಿನ್ 1” ಅಂತ ಬರೆದ ಚೀಟಿ. ಟಾಟಾ 407, ಹಮಾಲಿ ಎಲ್ಲ ಸೇರಿ 6,500.

ಮಾಗಡಿ ರಸ್ತೆಯ ಶೆಡ್ಡಿಗೆ ಇಳಿಸಿದ ಮರುದಿನ ಟಿಂಕರಿಂಗ್ ಮೇಸ್ತ್ರಿ ಬಂದರು. ಅರವತ್ತು ದಾಟಿದ ಮನುಷ್ಯ, ಕಲಾಸಿಪಾಳ್ಯದಲ್ಲಿ ಲಾರಿ ಬಡಿದು ಬೆಳೆದವರು. ಮಾತೇ ಆಡಲಿಲ್ಲ. ಸ್ಕ್ರೂಡ್ರೈವರ್ ತಗೊಂಡು ಬಾಗಿಲಿನ ಕಂಬದ ಬುಡಕ್ಕೆ ಹಿಡಿಯಿಂದ ಒಂದು ಸಲ ತಟ್ಟಿದರು. ಟಣ್ ಅನ್ನಬೇಕಾದದ್ದು ದೊಪ್ ಅಂದಿತು. ಆಮೇಲೆ ತುದಿಯಿಂದ ಒತ್ತಿದರು. ಸ್ಕ್ರೂಡ್ರೈವರ್ ಹಿಡಿಯ ತನಕ ಒಳಗೆ ಹೋಯಿತು.

ಬೆರಳಿನಷ್ಟು ದಪ್ಪದ ಪುಟ್ಟಿ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಅದರ ಹಿಂದೆ ಗೋಣಿಚೀಲದ ತುಂಡು. ಅದರ ಹಿಂದೆ ಉಂಡೆ ಮಾಡಿ ತುರುಕಿದ್ದ ಪೇಪರ್. ಮೇಸ್ತ್ರಿ ಅದನ್ನು ಬಿಡಿಸಿ, ಮೊಣಕಾಲ ಮೇಲೆ ಇಟ್ಟು ಉಜ್ಜಿ, ಕನ್ನಡಕ ಏರಿಸಿಕೊಂಡು ಓದಿದರು. “ದಸರಾ ಧಮಾಕಾ, ಫ್ರಿಜ್ ಮೇಲೆ ಎಕ್ಸ್‌ಚೇಂಜ್ ಆಫರ್” ಅಂತ ಜಾಹೀರಾತು. ಮೂಲೆಯಲ್ಲಿ ತಾರೀಕು. ನಾನು ಕ್ಯಾಬಿನ್ ತಂದದ್ದು ದೀಪಾವಳಿ ಕಳೆದ ವಾರ. ಇಪ್ಪತ್ತು ವರ್ಷ ಶೆಡ್ಡಿನಲ್ಲಿ ಮಲಗಿದ್ದ ಲಾರಿಯ ಹೊಟ್ಟೆಯಲ್ಲಿ ಒಂದೂವರೆ ತಿಂಗಳ ಹಿಂದಿನ ಪೇಪರ್!

“ಓದಿ ಆಯ್ತಾ ಸಾರ್, ಮುಂದಕ್ಕೆ ಹೋಗೋಣ್ವಾ?” ಅಂದರು ಮೇಸ್ತ್ರಿ.

ಮುಂದಿನದು ಇನ್ನೂ ಚೆಂದ. ಹಿಂದಿನ ಗೋಡೆಯ ಶೀಟ್ ಬಿಚ್ಚಿದರೆ ಒಳಗೆ ಕಬ್ಬಿಣವೇ ಇಲ್ಲ. ಮರ. ಅದೂ ಗೆದ್ದಲು ತಿಂದು, ಮಣ್ಣು ಮೆತ್ತಿ, ಮುಟ್ಟಿದರೆ ಹಿಟ್ಟಾಗುವ ಮರ. ಲಾರಿಗೆ ಗೆದ್ದಲು ಹಿಡಿಯುತ್ತದೆ ಅಂತ ನಾನಂತೂ ಅಂದುಕೊಂಡಿರಲಿಲ್ಲ.

ಇದರಲ್ಲಿ ಗುಜರಿಯವರ ಮೋಸ ಇಲ್ಲ, ನನ್ನ ಅಜ್ಞಾನ. ನಮ್ಮಲ್ಲಿ ಎಷ್ಟೋ ಲಾರಿಗಳು ಕಂಪನಿಯಿಂದ ಪೂರ್ತಿ ಕ್ಯಾಬಿನ್ ಸಮೇತ ಬರುತ್ತಲೇ ಇರಲಿಲ್ಲ. ಚಾಸಿ, ಇಂಜಿನ್, ಬಾನೆಟ್, ಡ್ಯಾಶ್‌ಬೋರ್ಡಿನ ಗೋಡೆ, ಅಷ್ಟೇ. ಈಗಲೂ ಹೊಸೂರು ರಸ್ತೆಯಲ್ಲಿ ಬರೀ ಚಾಸಿ ಮೇಲೆ ಕೂತು, ಮುಖಕ್ಕೆ ಟವೆಲ್ ಸುತ್ತಿಕೊಂಡು ಓಡಿಸಿಕೊಂಡು ಹೋಗುವ ಡ್ರೈವರ್‌ಗಳನ್ನು ನೋಡಿರಬಹುದು. ಅಲ್ಲಿಂದ ಮುಂದೆ ಬಾಡಿ ಕಟ್ಟುವವರು ಮರದ ಚೌಕಟ್ಟು ನಿಲ್ಲಿಸಿ, ಮೇಲೆ ಶೀಟ್ ಹೊಡೆದು ಕ್ಯಾಬಿನ್ ಮಾಡುತ್ತಿದ್ದರು. ಅಮೆರಿಕದ ಫೋಟೋಗಳಲ್ಲಿ ಕಾಣುವ ಪೂರ್ತಿ ಉಕ್ಕಿನ ಕ್ಯಾಬಿನ್ ಬೇರೆ, ಇದು ಬೇರೆ. ಶೀಟ್ ಕಬ್ಬಿಣದ್ದೇ ಆದ್ದರಿಂದ ಮ್ಯಾಗ್ನೆಟ್ ಕಚ್ಚಿಯೇ ಕಚ್ಚುತ್ತದೆ. ಹಾಗಾಗಿ ಒಳಗಿನ ರೆಕ್ಸಿನ್ ಒಂದು ಮೂಲೆ ಎತ್ತಿ ನೋಡಲು ಕೇಳಿ. ಸಾಲಾಗಿ ಮೊಳೆ ಅಥವಾ ಸ್ಕ್ರೂ ತಲೆ ಕಂಡರೆ ಹಿಂದೆ ಮರ ಇದೆ ಅಂತ ಅರ್ಥ. ಮರ ಇದ್ದರೆ ಬೇಡ ಅಂತಲ್ಲ, ಒಳ್ಳೆ ಬಡಗಿ ಸಿಕ್ಕರೆ ಹೊಸದಾಗಿ ಕಟ್ಟಬಹುದು. ಆದರೆ ಅದಕ್ಕೆ 48 ಸಾವಿರ ಕೊಡಬೇಡಿ.

ಇನ್ನೊಂದು, ಚಾಸಿಯಿಂದ ಕ್ಯಾಬಿನ್ ಬಿಡಿಸುವಾಗ ಬೋಲ್ಟ್ ಬಿಚ್ಚುವ ತಾಳ್ಮೆ ಇಲ್ಲದೆ ಗ್ಯಾಸ್ ಕಟಿಂಗ್ ಮಾಡಿದ್ದರು. ಕ್ಯಾಬಿನ್ ಚಾಸಿಗೆ ಕೂರುವ ನಾಲ್ಕು ಮೌಂಟಿಂಗ್‌ನಲ್ಲಿ ಮೂರು ಹಾಳು. ಆ ಬಿಸಿಗೆ ಶೀಟ್ ಅಲೆಯಲೆಯಾಗಿ ಸೊಟ್ಟಗಾಗಿತ್ತು. ಗಾಜಿನ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಎರಡು ಕ್ರಾಸ್ ಅಳತೆಯೂ ಒಂದೇ ಬರಬೇಕು ಅಲ್ವಾ? ನನ್ನದರಲ್ಲಿ 31 ಮಿಲಿಮೀಟರ್ ವ್ಯತ್ಯಾಸ. ಒಂದು ಟೇಪು, ಎರಡು ನಿಮಿಷದ ಕೆಲಸ. ಟೀ ಕುಡಿಯುವ ಬದಲು ಅದನ್ನು ಮಾಡಿದ್ದರೆ ಸಾಕಿತ್ತು.

ನಿಜವಾಗಿ ಹೊಟ್ಟೆಯಲ್ಲಿ ಚಳಿ ಹುಟ್ಟಿಸಿದ್ದು ಮಾತ್ರ ನಂಬರ್ ಪ್ಲೇಟು. ಅಂದರೆ ಒಳಗೋಡೆಯ ಮೇಲಿನ, ಗಾಡಿಯ ನಂಬರ್ ಇರುವ ಕಂಪನಿ ಪಟ್ಟಿ. ಪಟ್ಟಿ ಹಳೇದು, ಮಾಸಿದೆ. ಆದರೆ ಅದನ್ನು ಹಿಡಿದಿದ್ದ ಎರಡು ಪಾಪ್ ರಿವೆಟ್ ಹೊಚ್ಚ ಹೊಸದು, ಪಳಪಳ. ಬೇರೆ ಗಾಡಿಯದ್ದನ್ನು ತಂದು ಬಡಿದರೋ, ಕಿತ್ತು ಮತ್ತೆ ಹಾಕಿದರೋ ದೇವರೇ ಬಲ್ಲ. ಕದ್ದ ಮಾಲು ಅಂತ ನಾಳೆ ಯಾರಾದರೂ ಬಂದರೆ ನನ್ನ ಕೈಯಲ್ಲಿ ಇರುವುದು “ಕ್ಯಾಬಿನ್ 1” ಚೀಟಿ. ಕದ್ದದ್ದು ಅಂತ ಗೊತ್ತಿದ್ದೋ, ಹಾಗೆ ನಂಬಲು ಕಾರಣ ಇದ್ದೋ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕೆಳಗೆ ಅಪರಾಧ. ನನಗೆ ಗೊತ್ತಿರಲಿಲ್ಲ ಅಂತ ಸ್ಟೇಷನ್ನಿನಲ್ಲಿ ಕೂತು ವಿವರಿಸುವ ಆಸೆ ನನಗಿಲ್ಲ. ಪಕ್ಕಾ ಬಿಲ್ ಕೊಡದಿದ್ದರೆ ಎದ್ದು ಬನ್ನಿ.

ರಸ್ತೆಗೆ ಇಳಿಸುವ ಯೋಚನೆ ಇರುವವರಿಗೂ ಒಂದು ಮಾತು. “ಆರ್‌ಟಿಓ ಕೆಲಸ ನಾನು ಮಾಡಿಸ್ತೀನಿ ಬಿಡಿ ಸಾರ್” ಅನ್ನುವವರು ಇಂಥ ಕಡೆ ಒಬ್ಬರಾದರೂ ಇರುತ್ತಾರೆ. ನನಗೂ ಸಿಕ್ಕಿದ್ದರು, 35 ಸಾವಿರ ಕೇಳಿದರು. ಪುಣ್ಯಕ್ಕೆ ಕೊಡಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಮಾಡಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದ್ದಾರೆ. ವಿಂಟೇಜ್ ಅಂತ ಮಾಡಿಸೋಣ ಅಂದರೆ, 2021ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಬಾಡಿಗೆಗೆ ಓಡದ ಗಾಡಿಗೆ ಮಾತ್ರ ಜಾಗ. ಜೀಪಿನ ಚಾಸಿ ಮೇಲೆ ಫಾರ್ಗೋ ತಲೆ ಅದಕ್ಕೆ ಬರುವುದಿಲ್ಲ.

ಗುಜರಿ ಯಜಮಾನರಿಗೆ ಫೋನ್ ಮಾಡಿದೆ. ಪೇಪರ್ ತುಂಡಿನ ವಿಷಯ ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, “ಹುಡುಗರು ಮಾಡಿರ್ತಾರೆ ಸಾರ್” ಅಂದರು. ಮೂರನೇ ಸಲದಿಂದ ಫೋನ್ ಎತ್ತಲಿಲ್ಲ.

ಮೇಸ್ತ್ರಿಗೆ ಬಿಚ್ಚಿದ ಕೂಲಿ, ಗ್ರೈಂಡಿಂಗ್ ಎಲ್ಲ ಸೇರಿ 8,000 ಕೊಟ್ಟೆ. ಅಂದಹಾಗೆ ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಮಾಸ್ಕ್ ಇಲ್ಲದೆ ಉಜ್ಜಬೇಡಿ. ಕೊನೆಗೆ ಕೆಟ್ಟ ಭಾಗವನ್ನೆಲ್ಲ ಮನೆ ಹತ್ತಿರದ ಇನ್ನೊಂದು ಗುಜರಿಗೆ ಹಾಕಿದೆ. ಆ ಹುಡುಗ ತಕ್ಕಡಿಗೆ ಏರಿಸುವ ಮುಂಚೆ ಸುತ್ತಿಗೆಯಿಂದ ಒಂದೊಂದೇ ತುಂಡು ತಟ್ಟಿ ಉದುರಿಸಿದ. “ಪುಟ್ಟಿ ತೂಕಕ್ಕೆ ಬರಲ್ಲ ಸಾರ್.” ನಾನು ಕೊಂಡಾಗ ಈ ಜ್ಞಾನ ನನಗಿರಲಿಲ್ಲ. 130 ಕೆಜಿ, ಕೆಜಿಗೆ 26ರಂತೆ 3,380 ಎಣಿಸಿ ಕೊಟ್ಟ. ಬಿಲ್ ಸಮೇತ!

ಬಾನೆಟ್ ಮತ್ತು ಎರಡು ಮಡ್‌ಗಾರ್ಡ್ ಇನ್ನೂ ಶೆಡ್ಡಿನಲ್ಲಿವೆ. ಅವು ಕಂಪನಿಯ ಉಕ್ಕು, ಗಟ್ಟಿಯಾಗಿವೆ. ರಿವೆಟ್ ಪಟ್ಟಿಯ ಸಂಗತಿ ಬಗೆಹರಿಯುವ ತನಕ ಮಾರುವ ಹಾಗಿಲ್ಲ. ನೋಡುವ ಆಸೆ ಇದ್ದವರು ಬೆಳಗ್ಗೆ ಹೊತ್ತು ಬನ್ನಿ. ಸ್ಕ್ರೂಡ್ರೈವರ್ ತಂದು ಚುಚ್ಚಿದರೂ ಬೇಜಾರು ಮಾಡಿಕೊಳ್ಳುವುದಿಲ್ಲ.