ಎರಡು ಬೆರಳು, ಮೂವತ್ತು ಸೆಕೆಂಡು: ಜೇಬಿನ ಇಸಿಜಿ ಜೊತೆ ಎಂಟು ತಿಂಗಳು

ನಾನು ಗಣಿತದ ಟೀಚರ್. ನನಗೆ ಎಸ್‌ವಿಟಿ ಇದೆ, ಅಂದರೆ ಇದ್ದಕ್ಕಿದ್ದ ಹಾಗೆ ಎದೆ ಓಟ ಕೀಳುವ ತೊಂದರೆ. ಕೆಳಗೆ ಬಿದ್ದ ಚಾಕ್‌ಪೀಸ್ ಎತ್ತಲು ಬಗ್ಗುತ್ತೇನೆ, ಎದೆಯೊಳಗೆ ಏನೋ ಒಮ್ಮೆ ಎಡವಿದ ಹಾಗಾಗುತ್ತದೆ. ಎದ್ದು ನಿಲ್ಲುವಷ್ಟರಲ್ಲಿ 78ರಲ್ಲಿದ್ದ ನಾಡಿ 190 ದಾಟಿರುತ್ತದೆ. ಮೆಲ್ಲಗೆ ಏರುವ ಮಾತೇ ಇಲ್ಲ. ಕುತ್ತಿಗೆಯಲ್ಲಿ ಕಪ್ಪೆ ಕೂತು ಉಸಿರಾಡುತ್ತಿರುವಂತೆ ಪಟಪಟ. ಹತ್ತು ನಿಮಿಷಕ್ಕೋ ಮುಕ್ಕಾಲು ಗಂಟೆಗೋ ಬಂದ ಹಾಗೇ ಟಕ್ಕನೆ ನಿಲ್ಲುತ್ತದೆ. ಆಮೇಲೆ ಒಂದೆರಡು ಗಂಟೆ ಪದೇ ಪದೇ ಮೂತ್ರಕ್ಕೆ ಹೋಗಬೇಕು. ಹೃದಯದ ಮೇಲಿನ ಕೋಣೆಗಳು ಹಿಗ್ಗಿದಾಗ ನೀರು ಹೊರಹಾಕಿಸುವ ಹಾರ್ಮೋನು ಬಿಡುತ್ತವಂತೆ, ಅದರ ಕೆಲಸ ಇದು.

ನನ್ನ ಕಷ್ಟ ಏನಿತ್ತೆಂದರೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ನಿಂತಿರುತ್ತಿತ್ತು. ಇಸಿಜಿ ನಾರ್ಮಲ್. ಎರಡು ಸಲ 24 ಗಂಟೆಯ ಹೋಲ್ಟರ್, ಅಂದರೆ ಇಡೀ ದಿನ ಇಸಿಜಿ ದಾಖಲಿಸುವ ಯಂತ್ರ, ಕಟ್ಟಿಕೊಂಡು ಓಡಾಡಿದೆ. ಎರಡೂ ದಿನ ನನ್ನ ಹೃದಯದಷ್ಟು ಸಾಧು ಇನ್ನೊಂದಿರಲಿಲ್ಲ. ಕೊನೆಗೆ ಒಬ್ಬ ಡಾಕ್ಟರು “ಟೆನ್ಷನ್ ಕಡಿಮೆ ಮಾಡ್ಕೊಳ್ಳಿ ಮೇಡಂ” ಅಂದರು. ಅವತ್ತು ನಿಜವಾಗಿ ಟೆನ್ಷನ್ ಆಯಿತು.

ಆಮೇಲೆ ಈ ಜೇಬಿನ ಇಸಿಜಿ ಯಂತ್ರ ತೆಗೆದುಕೊಂಡೆ. ಬೆರಳುದ್ದದ ಪಟ್ಟಿ, ಮೇಲೆ ಎರಡು ಸ್ಟೀಲ್ ಬಿಲ್ಲೆ. ಎರಡೂ ಕೈಯ ಬೆರಳಿಟ್ಟು 30 ಸೆಕೆಂಡು ಸುಮ್ನೆ ಕೂತರೆ ಫೋನಿನಲ್ಲಿ ಗೆರೆ ಬರುತ್ತದೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಇಸಿಜಿ ರೂಪಿಸಿದ ಡಚ್ ವಿಜ್ಞಾನಿ ಐಂಥೋವೆನ್ ಇದೇ ಗೆರೆ ತೆಗೆಯಲು ಜನರ ಕೈಕಾಲನ್ನು ಉಪ್ಪುನೀರಿನಲ್ಲಿ ಅದ್ದಿಸುತ್ತಿದ್ದರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ನನಗೆ ಬೆರಳಿಗೆ ಒಂದು ಹನಿ ನೀರು ಸಾಕು. ಆ ಹನಿ ಮಾತ್ರ ಬೇಕೇ ಬೇಕು, ಚಾಕ್ ಪುಡಿ ಮೆತ್ತಿದ ಒಣ ಬೆರಳನ್ನು ಇದು ಗುರುತೇ ಹಿಡಿಯುವುದಿಲ್ಲ. ಕೈ ನಡುಗಿದರೂ ಗೆರೆಯ ತುಂಬ ಹುಲ್ಲು ಬೆಳೆದಂತೆ ಕಾಣುತ್ತದೆ. ಮೊಣಕೈ ಎರಡನ್ನೂ ಮೇಜಿನ ಮೇಲೆ ಊರಿ ಕೂರಬೇಕು.

ಆ್ಯಪ್ ಬಗ್ಗೆ ಹೇಳಲೇಬೇಕು. ಮೊದಲ ಸಲ ನಿಜವಾಗಿ ಬೇಕಾದಾಗ, ನಾಡಿ 190ರಲ್ಲಿ ಹೊಡೆಯುತ್ತಿದ್ದಾಗ, ಅದು “ಹೊಸ ಆವೃತ್ತಿ ಲಭ್ಯವಿದೆ” ಅಂದಿತು. ಅದು ಮುಗಿದ ಮೇಲೆ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ನೆನಪಾಗುವ ಹೊತ್ತಾ ಅದು? ಎದೆಯ ಓಟ ತಾನಾಗಿ ನಿಂತಿತು, ಗೆರೆ ಸಿಗಲಿಲ್ಲ. ಈಗ ತಿಂಗಳಿಗೊಮ್ಮೆ ಆರಾಮಾಗಿದ್ದಾಗಲೇ ತೆರೆದು ನೋಡಿಡುತ್ತೇನೆ.

ಎರಡನೇ ಸಲ ಸಿಕ್ಕಿತು. ಆ್ಯಪ್ ಕೊಟ್ಟ ತೀರ್ಪು “ವರ್ಗೀಕರಿಸಲಾಗಿಲ್ಲ”. ಆ ಹಣೆಪಟ್ಟಿಯನ್ನು ತಲೆಗೆ ಹಚ್ಚಿಕೊಳ್ಳಬೇಡಿ, ಗೆರೆ ಮುಖ್ಯ. ಗೆರೆಯ ಹಿಂದಿನ ಗ್ರಾಫಿನಲ್ಲಿ ಎರಡು ಬಡಿತದ ನಡುವೆ ಎಷ್ಟು ದೊಡ್ಡ ಚೌಕ ಇವೆ ನೋಡಿ, 300ನ್ನು ಅದರಿಂದ ಭಾಗಿಸಿದರೆ ನಿಮಿಷದ ಬಡಿತ ಬರುತ್ತದೆ. ನನ್ನದರಲ್ಲಿ ಒಂದೂವರೆಗಿಂತ ಒಂದು ಕೂದಲು ಜಾಸ್ತಿ, ಅಂದರೆ 190ರ ಆಸುಪಾಸು. ಅದೇ ಹೊತ್ತಿನಲ್ಲಿ ಕೈಗಡಿಯಾರ 96 ತೋರಿಸುತ್ತಿತ್ತು! ಚರ್ಮದ ಕೆಳಗಿನ ರಕ್ತಕ್ಕೆ ಬೆಳಕು ಬಿಟ್ಟು ಎಣಿಸುವ ಗಡಿಯಾರ ಇಂಥ ಓಟದಲ್ಲಿ ಲೆಕ್ಕ ತಪ್ಪುತ್ತದೆ.

ಆ ಒಂದು ಹಾಳೆ ತೋರಿಸಿದ ಮೇಲೆ ಟೆನ್ಷನ್ ಮಾತು ನಿಂತಿತು. ಬೇರೆ ಡಾಕ್ಟರು, ಹೃದಯದ ಲಯ ನೋಡುವವರು. ಬಾಚಣಿಗೆ ಹಲ್ಲಿನ ಹಾಗೆ ಸಮವಾಗಿ ನಿಂತ ಕಿರಿದಾದ ಬಡಿತಗಳನ್ನು ನೋಡಿ ಎಸ್‌ವಿಟಿ ಎಂದು ಹೆಸರು ಹೇಳಿದರು, ಓಟ ನಿಲ್ಲಿಸಲು ಊದುವುದನ್ನೂ ಕಲಿಸಿದರು. ಅರ್ಧ ಒರಗಿ ಕೂತು 10 ಎಂಎಲ್ ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ದಂಡ ಸ್ವಲ್ಪ ಅಲುಗುವಷ್ಟು 15 ಸೆಕೆಂಡು ಊದಬೇಕು. ತಕ್ಷಣ ಅಂಗಾತ ಮಲಗಬೇಕು, ಯಾರಾದರೂ ಕಾಲನ್ನು 45 ಡಿಗ್ರಿ ಎತ್ತಿ 15 ಸೆಕೆಂಡು ಹಿಡಿಯಬೇಕು. 2015ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ 43% ಜನರಿಗೆ ಎದೆ ಹದಕ್ಕೆ ಬಂತು. ಬರೀ ಕೂತು ಊದಿದವರಲ್ಲಿ 17% ಮಾತ್ರ. ಡಾಕ್ಟರನ್ನು ಕೇಳದೆ ಮಾಡಬೇಡಿ. ತಲೆ ಸುತ್ತಿ ಬೀಳುವಂತಾದರೆ, ಎದೆ ನೋವು ಬಂದರೆ ಈ ಯಂತ್ರ ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಿ. ಹೃದಯಾಘಾತ ಇದರಲ್ಲಿ ಗೊತ್ತಾಗುವುದಿಲ್ಲ, ಪೆಟ್ಟಿಗೆಯ ಮೇಲೆಯೇ ಬರೆದಿದ್ದಾರೆ.

ಒಂದು ಕೆಟ್ಟ ಚಾಳಿಯೂ ಅಂಟಿತು. ಆರಾಮಾಗಿದ್ದಾಗಲೂ ಬೆರಳಿಡುವುದು. ಒಂದು ಭಾನುವಾರ ಹದಿನೇಳು ಸಲ ನೋಡಿಕೊಂಡಿದ್ದೇನೆ, ಎಲ್ಲ ನಾರ್ಮಲ್. ಈಗ ಚೀಲದ ಒಳಜೇಬಿಗೆ ಹಾಕಿ ಜಿಪ್ ಎಳೆದಿಟ್ಟಿದ್ದೇನೆ.

ಕಳೆದ ತಿಂಗಳು ಸ್ಟಾಫ್ ರೂಮಿನಲ್ಲಿ ಮತ್ತೆ ಬಂತು. ಊದಿ ಮಲಗಿದೆ, ಪಕ್ಕದ ಕ್ಲಾಸಿನ ಟೀಚರ್ ಕಾಲು ಎತ್ತಿ ಹಿಡಿದರು, ನಾನು ಬೆರಳಿಟ್ಟೆ. ಆ ಗೆರೆ ಇನ್ನೂ ಫೋನಿನಲ್ಲಿದೆ. ಒತ್ತೊತ್ತಾಗಿ ಹನ್ನೊಂದು ಬಡಿತ. ಆಮೇಲೆ ಹತ್ತು ದೊಡ್ಡ ಚೌಕದಷ್ಟು ಖಾಲಿ, ಅಂದರೆ ಎರಡು ಸೆಕೆಂಡು. ಆಮೇಲೆ ತಡವಾಗಿ ಕ್ಲಾಸಿಗೆ ಬಂದ ಹುಡುಗನ ಹಾಗೆ ಒಂದು ದಪ್ಪ ಬಡಿತ, ಅದರ ಹಿಂದೆ ಉಳಿದವೆಲ್ಲ ಸಾಲಾಗಿ. ಡಾಕ್ಟರಿಗೂ ಅದು ಇಷ್ಟವಾಯಿತು, ಅಬ್ಲೇಷನ್‌ಗೆ, ಅಂದರೆ ಓಟ ಹುಟ್ಟಿಸುವ ಹೃದಯದ ಜಾಗವನ್ನು ನಳಿಕೆ ತೂರಿಸಿ ಸುಡುವ ಚಿಕಿತ್ಸೆಗೆ, ತಾರೀಖು ಕೊಟ್ಟಿದ್ದಾರೆ.

ಐದಕ್ಕೆ ನಾಲ್ಕು ಸ್ಟಾರ್. ಒಂದನ್ನು ಹಿಡಿದಿಟ್ಟಿದ್ದು ಆ ಅಪ್‌ಡೇಟ್‌ಗೆ.