ಪೇಟೆಂಟ್ ಅರ್ಜಿಗಾಗಿ ಸೆಲ್ ಲೈನ್ ಠೇವಣಿ: ಮಂಗಳೂರಿನಿಂದ ಯುರೋಪಿಗೆ ಕಳುಹಿಸಿದ ಅನುಭವ

ಸಿಗಡಿ ಕೊಳಗಳನ್ನು ಕಾಡುವ ಬಿಳಿ ಚುಕ್ಕೆ ರೋಗದ ವೈರಾಣುವನ್ನು ಕೊಳದ ದಂಡೆಯಲ್ಲೇ ಪತ್ತೆ ಹಚ್ಚಬಲ್ಲ ಪ್ರತಿಕಾಯವೊಂದನ್ನು ಮಂಗಳೂರಿನ ನಮ್ಮ ಪ್ರಯೋಗಾಲಯ ಸಿದ್ಧಪಡಿಸಿ, ಅದರ ಪೇಟೆಂಟಿಗೆ ಅರ್ಜಿ ಹಾಕಲು ಹೊರಟಾಗ, ಆ ಪ್ರತಿಕಾಯವನ್ನು ಸ್ರವಿಸುವ ಹೈಬ್ರಿಡೋಮಾ ಸೆಲ್ ಲೈನನ್ನು (ಎರಡು ಬಗೆಯ ಕೋಶಗಳನ್ನು ಬೆಸೆದು ಪಡೆದ, ಪ್ರಯೋಗಾಲಯದಲ್ಲಿ ಸತತವಾಗಿ ಬೆಳೆಯುವ ಕೋಶಗಳ ಪೀಳಿಗೆ) ಅಂತಾರಾಷ್ಟ್ರೀಯ ಠೇವಣಿ ಕೇಂದ್ರವೊಂದರಲ್ಲಿ ಇರಿಸಬೇಕಾಯಿತು. ನಾವು ಯುರೋಪಿನ ಒಂದು ಕೇಂದ್ರವನ್ನು ಆರಿಸಿಕೊಂಡೆವು. ಕೊಣಾಜೆ, ದೇರಳಕಟ್ಟೆ, ಮಣಿಪಾಲಗಳ ಸಂಶೋಧಕರಿಗೂ ಇಂಥ ಅಗತ್ಯ ಬರುವುದರಿಂದ, ಆ ಸೇವೆ ಹೇಗಿತ್ತೆಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಇಲಿಯ ಗುಲ್ಮದ ಕೋಶವನ್ನೂ ಕ್ಯಾನ್ಸರ್ ಕೋಶವನ್ನೂ ಬೆಸೆದು ಪಡೆದ ಒಂದು ನಿರ್ದಿಷ್ಟ ತದ್ರೂಪನ್ನು, ವಿಧಾನವನ್ನು ಎಷ್ಟೇ ವಿವರವಾಗಿ ಬರೆದರೂ, ಇನ್ನೊಬ್ಬರು ಓದಿಕೊಂಡು ಮತ್ತೆ ಅದನ್ನೇ ಪಡೆಯಲಾರರು. ಆದ್ದರಿಂದಲೇ ನಮ್ಮ ಪೇಟೆಂಟ್ ಕಾಯ್ದೆಯ 10(4)ನೇ ಕಲಮು, ಬರಹದಲ್ಲಿ ಪೂರ್ಣವಾಗಿ ವಿವರಿಸಲಾಗದ ಮತ್ತು ಸಾರ್ವಜನಿಕರಿಗೆ ಲಭ್ಯವಿಲ್ಲದ ಜೈವಿಕ ವಸ್ತುವನ್ನು ಬುಡಾಪೆಸ್ಟ್ ಒಪ್ಪಂದದಡಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಠೇವಣಿ ಇಡಬೇಕೆನ್ನುತ್ತದೆ. 1977ರ ಈ ಒಪ್ಪಂದಕ್ಕೆ ಭಾರತ 2001ರಲ್ಲಿ ಸೇರಿತು. ಒಂದು ಮಾನ್ಯ ಕೇಂದ್ರದಲ್ಲಿ ಮಾಡಿದ ಒಂದೇ ಠೇವಣಿ ಎಲ್ಲ ಸದಸ್ಯ ದೇಶಗಳಲ್ಲೂ ನಡೆಯುತ್ತದೆ ಎಂಬುದೇ ಅದರ ದೊಡ್ಡ ಉಪಕಾರ.

ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹ ಕೇಂದ್ರವಾದ ಎಂಟಿಸಿಸಿಗೆ 2002ರಲ್ಲೇ ಈ ಮಾನ್ಯತೆ ದೊರೆತಿದೆ. ಕರಾವಳಿಯ ಕೆಸರಿನಿಂದ ಪ್ರತ್ಯೇಕಿಸಿದ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರವಾದರೆ ದೇಶ ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲ. ಪುಣೆಯ ಎನ್‌ಸಿಸಿಎಸ್ ದೇಶದ ಪ್ರಯೋಗಾಲಯಗಳಿಗೆ ಪ್ರಾಣಿಕೋಶಗಳನ್ನು ಒದಗಿಸುವ ಸಂಸ್ಥೆಯಾದರೂ, ಪೇಟೆಂಟ್ ಠೇವಣಿಯ ಮಾನ್ಯತೆ ಇರುವುದು ಅಲ್ಲಿನ ಸೂಕ್ಷ್ಮಜೀವಿಗಳ ಸಂಗ್ರಹಕ್ಕೆ. ಹೀಗಾಗಿ ಪ್ರಾಣಿಕೋಶದವರು ಜರ್ಮನಿಯ ಬ್ರೌನ್‌ಶ್ವೈಗ್‌ನ ಡಿಎಸ್‌ಎಂಝಡ್, ಇಂಗ್ಲೆಂಡಿನ ಸಾಲಿಸ್‌ಬರಿಯ ಇಸಿಎಸಿಸಿ, ಅಮೆರಿಕದ ಎಟಿಸಿಸಿಗಳಂಥ ಕೇಂದ್ರಗಳ ಕಡೆ ನೋಡಬೇಕಾಗುತ್ತದೆ. ಇಷ್ಟು ಪ್ರಯೋಗಾಲಯಗಳಿರುವ ದೇಶಕ್ಕೆ ಇದು ಶೋಭೆಯಲ್ಲ ಎಂದೇ ನನ್ನ ಭಾವನೆ.

ಕೇಂದ್ರದ ಸಿಬ್ಬಂದಿಯ ಪತ್ರವ್ಯವಹಾರಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಬಿಪಿ/1 ಎಂಬ ನಮೂನೆಯಲ್ಲಿ ಕೋಶಕ್ಕೆ ನಾವು ಕೊಟ್ಟ ಗುರುತು, ಬೆಳೆಸುವ ಮಾಧ್ಯಮ, ಸಂಗ್ರಹಿಸುವ ಮತ್ತು ಜೀವಂತಿಕೆ ಪರೀಕ್ಷಿಸುವ ವಿಧಾನ, ಆರೋಗ್ಯಕ್ಕೋ ಪರಿಸರಕ್ಕೋ ಅಪಾಯವುಂಟೇ ಎಂಬ ವಿವರ ಎಲ್ಲವನ್ನೂ ತುಂಬಿ, ಠೇವಣಿಯನ್ನು ನಿಗದಿತ ಅವಧಿಯೊಳಗೆ ಹಿಂದಕ್ಕೆ ಪಡೆಯುವುದಿಲ್ಲವೆಂದು ಸಹಿ ಹಾಕಬೇಕು. ಇದಲ್ಲದೆ, ಕೋಶಗಳನ್ನು ಬೆಳೆಸಲು ಬಳಸಿದ ಕರುವಿನ ಸೀರಮ್ ಯಾವ ದೇಶದ್ದು, ಬೆಸುಗೆಗೆ ಬಳಸಿದ ಎಸ್‌ಪಿ2/0 ಎಂಬ ಕ್ಯಾನ್ಸರ್ ಕೋಶವನ್ನು ಎಲ್ಲಿಂದ ತಂದದ್ದು, ಕೋಶಗಳಿಗೆ ಸೋಂಕುವ ಅತಿ ಸಣ್ಣ ಬ್ಯಾಕ್ಟೀರಿಯಾವಾದ ಮೈಕೊಪ್ಲಾಸ್ಮಾದ ಪರೀಕ್ಷೆ ಯಾವಾಗ ಆಯಿತು ಎಂದೂ ಕೇಳಿದರು. ಸೀರಮ್ ಬಾಟಲಿಯ ಲಾಟ್ ಸಂಖ್ಯೆಯವರೆಗೆ ಹೋದ ಈ ಪ್ರಶ್ನೆಗಳು ಮೊದಲಿಗೆ ಅತಿಯೆನಿಸಿದರೂ, ಪ್ರಾಣಿರೋಗ ತಡೆಯ ಆಮದು ನಿಯಮಗಳಿಗೆ ಅವು ಬೇಕೇ ಬೇಕು. ಆ ಎಸ್‌ಪಿ2/0 ಕೋಶವನ್ನು ಕೊಂಡಾಗ ಒಪ್ಪಿಕೊಂಡ ಷರತ್ತುಗಳನ್ನು ಮತ್ತೊಮ್ಮೆ ಓದಿಕೊಳ್ಳುವಂತೆ ಅವರೇ ಸೂಚಿಸಿದ್ದು ನಮಗೆ ದೊಡ್ಡ ಉಪಕಾರವಾಯಿತು.

ನಿಜವಾದ ಕಷ್ಟ ಇದ್ದದ್ದು ಸಾಗಣೆಯಲ್ಲಿ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ನೆಮ್ಮದಿಯಾಗಿರುವ ಕೋಶಗಳು ಮೈನಸ್ 78.5 ಡಿಗ್ರಿಯ ಡ್ರೈ ಐಸ್‌ನಲ್ಲಿ (ಘನರೂಪದ ಇಂಗಾಲದ ಡೈಆಕ್ಸೈಡ್) ಕೆಲವೇ ದಿನ ತಾಳುತ್ತವೆ. ಪಶುವೈದ್ಯರು ಕೃತಕ ಗರ್ಭಧಾರಣೆಗೆ ಬಳಸುವುದರಿಂದ ದ್ರವ ಸಾರಜನಕ ನಮ್ಮ ಜಿಲ್ಲೆಗೆ ಹೊಸತಲ್ಲ. ಆದರೆ ಡ್ರೈ ಐಸನ್ನು ನಾವು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತರಿಸಬೇಕಾಯಿತು, ಅದೂ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯುವ ಮಳೆಗಾಲದಲ್ಲಿ. ಡ್ರೈ ಐಸ್ ಇದೆಯೆಂದು ತಿಳಿಸುವ ಯುಎನ್ 1845 ಎಂಬ ಗುರುತಿನ ಚೀಟಿ, ಡ್ರೈ ಐಸ್‌ನ ತೂಕ, ಸುಂಕದವರಿಗೆ ಘೋಷಣೆ ಎಲ್ಲವೂ ಸರಿಯಾಗಿದ್ದ ಪೆಟ್ಟಿಗೆಯನ್ನು ಕೊರಿಯರ್ ಸಂಸ್ಥೆಯೊಂದು ನಡುದಾರಿಯ ವಿಮಾನ ನಿಲ್ದಾಣದಲ್ಲಿ ವಾರಾಂತ್ಯವಿಡೀ ಇರಿಸಿಕೊಂಡಿತು. ನಡುವೆ ಡ್ರೈ ಐಸ್ ತುಂಬುವುದಕ್ಕೆ ಪ್ರತ್ಯೇಕ ಹಣ ಪಡೆದಿದ್ದರೂ ತುಂಬಲಿಲ್ಲ. ಪೆಟ್ಟಿಗೆ ತಲುಪಿದ ದಿನವೇ ಠೇವಣಿ ಕೇಂದ್ರದವರು ಅದರ ಒಳಗಿನ ಚಿತ್ರ ಕಳುಹಿಸಿದರು: ತಳದಲ್ಲಿ ಬೆರಳೆಣಿಕೆಯಷ್ಟು ಡ್ರೈ ಐಸ್ ಗುಳಿಗೆಗಳು, ಒಂದು ಬದಿಗೆ ವಾಲಿದ, ಕೋಶಗಳಿದ್ದ ಪುಟ್ಟ ಶೀಶೆಗಳು. ಆ ಕೋಶಗಳು ಚೇತರಿಸಿಕೊಳ್ಳಲಿಲ್ಲ. ಮರುಸಾಗಣೆಗೆ ದ್ರವ ಸಾರಜನಕವನ್ನು ಹೀರಿಕೊಂಡು ತಣ್ಣಗಿರುವ ಡ್ರೈ ಶಿಪ್ಪರ್ ಎಂಬ ಪಾತ್ರೆಯನ್ನು ಬಾಡಿಗೆಗೆ ಪಡೆದೆವು. ಖರ್ಚು ಹೆಚ್ಚಾದರೂ ಕರಾವಳಿಯಿಂದ ಕಳುಹಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಎರಡನೆಯ ಸಲ ಕೋಶಗಳು ಚೆನ್ನಾಗಿ ಬೆಳೆದವು. ಠೇವಣಿ ಸಂಖ್ಯೆಯಿರುವ ಬಿಪಿ/4 ರಸೀದಿಯೂ ಜೀವಂತಿಕೆಯ ಬಿಪಿ/9 ಪ್ರಮಾಣಪತ್ರವೂ ಕೈಸೇರಿದವು. ಇಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಕೋಶಗಳು ಕರಗಿ, ಬೆಳೆದು, ಪರೀಕ್ಷೆ ಮುಗಿಯುವವರೆಗೆ ಕಾಯುವುದು ಅನಿವಾರ್ಯ. ಆದರೆ ಆ ಅವಧಿಯಲ್ಲಿ ಕೇಂದ್ರದಿಂದ ಒಂದು ಸಾಲಿನ ಸುದ್ದಿಯೂ ಬರಲಿಲ್ಲ. ಠೇವಣಿ ಆಗಬೇಕಾದದ್ದು ಭಾರತದಲ್ಲಿ ಅರ್ಜಿ ಸಲ್ಲಿಸುವ ದಿನಕ್ಕಿಂತ ತಡವಾಗದಂತೆ, ಅದರ ಉಲ್ಲೇಖ ಸೇರಬೇಕಾದದ್ದು ಸಲ್ಲಿಸಿದ ಮೂರು ತಿಂಗಳೊಳಗೆ. ಚೆನ್ನೈ ಪೇಟೆಂಟ್ ಕಚೇರಿಗೆ ಅರ್ಜಿ ಸಿದ್ಧವಿಟ್ಟುಕೊಂಡು ಕಾಯುವವರ ಪಾಲಿಗೆ ಈ ಮೌನ ಸಣ್ಣ ವಿಷಯವಲ್ಲ.

ಶುಲ್ಕ, ಸಾಗಣೆ ಸೇರಿ ಒಂದು ಲಕ್ಷ ರೂಪಾಯಿ ದಾಟಿತು. ಕನಿಷ್ಠ 30 ವರ್ಷ, ಮತ್ತು ಕೊನೆಯ ಬಾರಿ ಯಾರಾದರೂ ಮಾದರಿ ಕೇಳಿದ ಮೇಲೆ ಕನಿಷ್ಠ 5 ವರ್ಷ, ಕೋಶವನ್ನು ಜೀವಂತವಾಗಿ ಕಾಯುವ ಹೊಣೆ ಕೇಂದ್ರದ್ದು. ಆ ಲೆಕ್ಕದಲ್ಲಿ ಶುಲ್ಕ ನ್ಯಾಯವಾದದ್ದೇ. ಆದರೂ ಹಣ ಕಟ್ಟುವ ಮುನ್ನ ಪೇಟೆಂಟ್ ವಕೀಲರನ್ನು ಒಂದು ಮಾತು ಕೇಳಬೇಕು. ಪ್ರತಿಕಾಯದ ಅಮೈನೊ ಆಮ್ಲಗಳ ಅನುಕ್ರಮವನ್ನು ಓದಿಸಿ ಅರ್ಜಿಯಲ್ಲೇ ಕೊಟ್ಟರೆ, ಹಲವು ಸಂದರ್ಭಗಳಲ್ಲಿ ಅದೇ ಸಾಕಾಗುತ್ತದೆ, ಖರ್ಚೂ ಕಡಿಮೆ. ಠೇವಣಿಯ ದಾರಿಯಲ್ಲಿ, ನಿಯಮದಂತೆ ಅರ್ಹತೆ ಪಡೆದು ಕೇಳಿದವರಿಗೆ, ಅವರು ನಮ್ಮ ಪ್ರತಿಸ್ಪರ್ಧಿಗಳೇ ಆಗಿದ್ದರೂ, ಜೀವಂತ ಕೋಶವನ್ನೇ ಕೇಂದ್ರ ಕೊಡಬೇಕಾಗುತ್ತದೆ. ನಮ್ಮ ಪರೀಕ್ಷೆ ಸಿಗಡಿ ಬೆಳೆಗಾರರಿಗೆ ಆದಷ್ಟು ಬೇಗ ತಲುಪಲಿ ಎಂದಿದ್ದುದರಿಂದ ನಾವು ಅದಕ್ಕೆ ಒಪ್ಪಿದೆವು. ಕೋಶವನ್ನು ಕೈಬಿಡಲು ಮನಸ್ಸಿಲ್ಲದವರು ಅನುಕ್ರಮದ ದಾರಿಯನ್ನೇ ಮೊದಲು ನೋಡುವುದು ಒಳ್ಳೆಯದು.